ಗಂಡನ ಜೊತೆ ಇಂಗ್ಲೆಂಡಿಗೆ ಹೊರಟಿದ್ದೇನೆ, ಇಂಗ್ಲಿಷ್ ಅಷ್ಟಕ್ಕಷ್ಟೆ. ಬ್ರಿಟಿಷ್ ಸಮಾಜ, ಸಂಸ್ಕೃತಿ ತಿಳಿಯಲು ಮೊದಲು ಏನು ಓದಲಿ?

ರಾಜಮನೆತನದ ಇತಿಹಾಸ ಓದಲಾ, ಟೀವಿ ಸೀರಿಯಲ್ ನೋಡಿ ಆಕ್ಸೆಂಟ್ ಕಲಿಯಲಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ.

ನಾನೂ ನಿಮ್ಮ ಹಾಗೇ ಡಿಪೆಂಡೆಂಟ್ ವೀಸಾದಲ್ಲಿ, ಅಂದರೆ ಗಂಡನ ವೀಸಾ ಆಧಾರದ ಮೇಲೆ ಬಂದವಳು. 2018ರ ಸೆಪ್ಟೆಂಬರ್, ಚಿತ್ರದುರ್ಗದಿಂದ ನಾಟಿಂಗ್‌ಹ್ಯಾಮ್‌ಗೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ, ಆಮೇಲೆ ಬಿಕಾಂ. ಇಂಗ್ಲಿಷ್ ಓದಿದರೆ ಅರ್ಥ ಆಗುತ್ತಿತ್ತು, ಮಾತಾಡಲು ಬಾಯಿ ಬರುತ್ತಿರಲಿಲ್ಲ. ಹೊರಡುವ ಮುಂಚೆ ನೀವು ಹೇಳಿದ್ದನ್ನೇ ಓದಿಕೊಂಡಿದ್ದೆ. 1066ರ ಯುದ್ಧ, 1215ರ ಮ್ಯಾಗ್ನಾ ಕಾರ್ಟಾ, ಎಂಟನೇ ಹೆನ್ರಿಯ ಆರು ಜನ ಹೆಂಡತಿಯರು, ಪಾರ್ಲಿಮೆಂಟಿನ ಎರಡು ಸದನ. ಕ್ಯೂ ತಪ್ಪಿಸಬಾರದು, ಮಾತುಮಾತಿಗೂ ಸಾರಿ, ಥ್ಯಾಂಕ್ಯೂ ಹೇಳಬೇಕು ಅನ್ನೋದೂ ಗೊತ್ತಿತ್ತು. ಬಂದ ಮೊದಲ ಚಳಿಗಾಲದಲ್ಲಿ ಇದ್ಯಾವುದೂ ನನ್ನ ಕೈ ಹಿಡಿಯಲಿಲ್ಲ.

ನನಗೆ ಥೈರಾಯ್ಡ್ ಇದೆ. ದಿನಾ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಮಾತ್ರೆ. ಊರಲ್ಲಿ ಹಳೇ ಸ್ಟ್ರಿಪ್ ತೋರಿಸಿದರೆ ಮೆಡಿಕಲ್ ಶಾಪಿನವರು ಕೊಡುತ್ತಿದ್ದರು. ಡಾಕ್ಟರ ಚೀಟಿ ಯಾರೂ ಕೇಳಿದ್ದಿಲ್ಲ. ಬರುವಾಗ ಮೂರು ತಿಂಗಳಿಗೆ ಆಗುವಷ್ಟು ಸೂಟ್‌ಕೇಸಿನಲ್ಲಿ ಇಟ್ಟುಕೊಂಡಿದ್ದೆ. ಮುಗಿಯುವಷ್ಟರಲ್ಲಿ ಅಲ್ಲಿ ಯಾರಾದರೂ ಡಾಕ್ಟರಿಗೆ ತೋರಿಸಿದರಾಯಿತು ಅಂದುಕೊಂಡಿದ್ದೆ.

ಇಲ್ಲಿ ಹಾಗೆ ಯಾರಾದರೂ ಡಾಕ್ಟರಿಗೆ ತೋರಿಸಲು ಆಗಲ್ಲ. ಮೊದಲು ಜಿಪಿ ಹತ್ತಿರ ಹೆಸರು ಬರೆಸಬೇಕು. ಜಿಪಿ ಅಂದರೆ ನಿಮ್ಮ ಏರಿಯಾದ ಡಾಕ್ಟರು. ಜ್ವರಕ್ಕೂ ಅವರೇ, ಬಿಪಿಗೂ ಅವರೇ. ಚರ್ಮದ ಡಾಕ್ಟರು, ಕಿವಿ-ಮೂಗಿನ ಡಾಕ್ಟರು ಬೇಕಾದರೂ ಸಾಮಾನ್ಯವಾಗಿ ಇವರೇ ಬರೆದು ಕಳಿಸಬೇಕು. ನಾವು ಊರಲ್ಲಿ ಸೀದಾ ಸ್ಪೆಷಲಿಸ್ಟ್ ಕ್ಲಿನಿಕ್‌ಗೆ ಹೋಗಿ ಟೋಕನ್ ತಗೊಂಡು ಕೂರುತ್ತೇವಲ್ಲ, ಎನ್‌ಎಚ್‌ಎಸ್‌ನಲ್ಲಿ, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ, ಅದು ನಡೆಯಲ್ಲ. ಎನ್‌ಎಚ್‌ಎಸ್ ಶುರುವಾಗಿದ್ದು 1948ರ ಜುಲೈ 5ರಂದು. ಆಗಿನ ಆರೋಗ್ಯ ಮಂತ್ರಿ ಅನ್ಯೂರಿನ್ ಬೆವನ್, ವೇಲ್ಸ್‌ನ ಗಣಿ ಊರು ಟ್ರೆಡೆಗರ್‌ನವರು. ಕಾಯಿಲೆ ಬಿದ್ದವರ ಜೇಬು ನೋಡಬಾರದು ಅನ್ನೋದು ಅದರ ತಳಹದಿ. ಇಲ್ಲಿನವರಿಗೆ ಅದರ ಮೇಲೆ ಎಷ್ಟು ಪ್ರೀತಿ ಅಂದರೆ, ಬೈಯುವವರೂ ಅದನ್ನು ಮುಚ್ಚಿ ಅನ್ನಲ್ಲ. ಬ್ರಿಟಿಷರನ್ನು ಅರ್ಥ ಮಾಡಿಕೊಳ್ಳಬೇಕಾದರೆ ರಾಜಮನೆತನಕ್ಕಿಂತ ಮೊದಲು ಇದನ್ನು ಅರ್ಥ ಮಾಡಿಕೊಳ್ಳಿ ಅಂತೀನಿ ನಾನು.

ಈಗ ನನಗೆ ದುಬಾರಿಯಾದ ತಪ್ಪು. ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ನೀವೂ ಇಲ್ಲೇ ಎಡವುವ ಸಾಧ್ಯತೆ ಜಾಸ್ತಿ.

ನಾನು ಜಿಪಿ ಹತ್ತಿರ ಹೋಗಲೇ ಇಲ್ಲ ಅಂತಲ್ಲ. ಅಕ್ಟೋಬರ್‌ನಲ್ಲೇ ಹೋಗಿದ್ದೆ. ರಿಸೆಪ್ಷನ್‌ನಲ್ಲಿದ್ದವರು ನಗುನಗುತ್ತಲೇ ಮಾತಾಡಿಸಿದರು. ಪಾಸ್‌ಪೋರ್ಟ್ ಕೇಳಿದರು, ಕೊಟ್ಟೆ. ನನ್ನ ಹೆಸರಲ್ಲಿರುವ ಅಡ್ರೆಸ್ ಪ್ರೂಫ್ ಕೇಳಿದರು. ನನ್ನ ಹತ್ತಿರ ಇರಲಿಲ್ಲ. ಬಾಡಿಗೆ ಅಗ್ರಿಮೆಂಟ್, ಕರೆಂಟ್ ಬಿಲ್, ಕೌನ್ಸಿಲ್ ಟ್ಯಾಕ್ಸ್ (ಇಲ್ಲಿನ ನಗರಸಭೆಗೆ ಕಟ್ಟುವ ಮನೆ ತೆರಿಗೆ) ಎಲ್ಲವೂ ನಮ್ಮ ಮನೆಯವರ ಹೆಸರಲ್ಲಿ. ಬ್ಯಾಂಕ್ ಅಕೌಂಟ್ ಮಾಡಿಸೋಣ ಅಂದರೆ ಅಲ್ಲೂ ಅಡ್ರೆಸ್ ಪ್ರೂಫ್. ‘ಸಾರಿ, ಅದಿಲ್ಲದೆ ಆಗಲ್ಲ’ ಅಂದರು. ನಾನು ಥ್ಯಾಂಕ್ಯೂ ಹೇಳಿ ಮನೆಗೆ ಬಂದೆ.

ಆ ಥ್ಯಾಂಕ್ಯೂ ಹೇಳಿ ಬಂದದ್ದೇ ತಪ್ಪು. ಯಾಕೆ ಹಾಗೆ ಬಂದೆ ಅಂತ ಆಮೇಲೆ ತುಂಬಾ ಯೋಚಿಸಿದ್ದೇನೆ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು ‘ಒಂದು ದಾಖಲೆ ಕಡಿಮೆ ಇದೆ’ ಅಂದರೆ ನಾವು ವಾಪಸ್ ಬರುತ್ತೇವೆ. ಕೌಂಟರ್ ಆಚೆ ಕೂತವರ ಮಾತೇ ನಿಯಮ. ಎದುರು ಮಾತಾಡಿದರೆ ಮುಂದಿನ ಸಲ ಕೆಲಸ ಕೆಡುತ್ತದೆ ಅನ್ನುವ ಭಯ. ನಾನು ಆ ಅಭ್ಯಾಸವನ್ನು ಇಲ್ಲಿಗೂ ಹೊತ್ತು ತಂದಿದ್ದೆ. ಜೊತೆಗೆ ಇಂಗ್ಲಿಷ್ ಬರಲ್ಲ ಅನ್ನುವ ಅಳುಕು. ಹಿಂದೆ ನಾಲ್ಕು ಜನ ಕ್ಯೂನಲ್ಲಿ ನಿಂತಿದ್ದರು, ಅವರಿಗೆ ತೊಂದರೆ ಕೊಡಬಾರದು ಅನ್ನುವ ಸಂಕೋಚ ಬೇರೆ.

ನಿಜವಾದ ನಿಯಮ ಬೇರೆಯೇ ಇತ್ತು. ಇಂಗ್ಲೆಂಡಿನಲ್ಲಿ ಜಿಪಿ ಹತ್ತಿರ ಹೆಸರು ಬರೆಸಲು ಅಡ್ರೆಸ್ ಪ್ರೂಫ್ ಕಡ್ಡಾಯ ಅಲ್ಲ. ಪಾಸ್‌ಪೋರ್ಟ್, ವೀಸಾ ಕೂಡ ಕಡ್ಡಾಯ ಅಲ್ಲ. ಕೇಳಬಹುದು, ಆದರೆ ಇಲ್ಲ ಅನ್ನುವ ಒಂದೇ ಕಾರಣಕ್ಕೆ ವಾಪಸ್ ಕಳಿಸುವ ಹಾಗಿಲ್ಲ. ನಿಮ್ಮ ಮನೆ ಅವರ ಏರಿಯಾ ಆಚೆ ಇದೆ, ಅವರ ಪಟ್ಟಿ ಭರ್ತಿಯಾಗಿ ಹೊಸಬರನ್ನು ತಗೊಳ್ಳುತ್ತಿಲ್ಲ ಅನ್ನುವಂಥ ಸರಿಯಾದ ಕಾರಣ ಇರಬೇಕು. ಅವರು ಸೇರಿಸಿಕೊಳ್ಳಲ್ಲ ಅಂದರೆ ಆ ಕಾರಣವನ್ನು 14 ದಿನದೊಳಗೆ ಬರೆದು ಕೊಡಬೇಕು. ಇದು ಎಲ್ಲೋ ಅಡಗಿಸಿಟ್ಟ ನಿಯಮ ಅಲ್ಲ, ಎನ್‌ಎಚ್‌ಎಸ್ ವೆಬ್‌ಸೈಟಿನಲ್ಲೇ ಇದೆ. ನಾನು ಎಂಟನೇ ಹೆನ್ರಿಯ ಹೆಂಡತಿಯರ ಹೆಸರು ಉರು ಹೊಡೆದಿದ್ದೆ, ಇದನ್ನು ಓದಿರಲಿಲ್ಲ.

ಡಿಸೆಂಬರ್ ಕೊನೆಗೆ ಮಾತ್ರೆ ಮುಗಿಯಿತು. ಫಾರ್ಮಸಿಗೆ ಹೋದೆ. ಊರಿನ ಡಾಕ್ಟರ ಚೀಟಿ ಇಲ್ಲಿ ನಡೆಯಲ್ಲ ಅಂದರು. ಪ್ರೂಫ್ ಬಂದ ಮೇಲೆ ನೋಡೋಣ ಅಂತ ಬಿಟ್ಟೆ. ಥೈರಾಯ್ಡ್ ಮಾತ್ರೆಯ ಗುಣ ಏನೆಂದರೆ, ನಿಲ್ಲಿಸಿದ ಮರುದಿನ ಏನೂ ಆಗಲ್ಲ. ಔಷಧ ಮೈಯಲ್ಲಿ ನಿಧಾನಕ್ಕೆ ಇಳಿಯುತ್ತಾ ಹೋಗುತ್ತದೆ, ವಾರಗಳ ಮೇಲೆ ಗೊತ್ತಾಗುತ್ತದೆ. ಜನವರಿಯಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ ಬೆಳಗ್ಗೆ ಎಂಟರ ತನಕ ಕತ್ತಲೆ, ಸಂಜೆ ನಾಲ್ಕೂವರೆಗೆ ಮತ್ತೆ ಕತ್ತಲೆ. ಸುಸ್ತು, ನಿದ್ದೆ, ಚಳಿ ತಡೆಯಲಾಗದು, ಕೂದಲು ಉದುರುವುದು. ಎಲ್ಲವನ್ನೂ ಹವಾಮಾನದ ಮೇಲೆ ಹಾಕಿದೆ. ನಮ್ಮ ಮನೆಯವರೂ ಹಾಗೇ ಅಂದುಕೊಂಡರು.

ಅಷ್ಟರಲ್ಲಿ ಕಾಲೇಜೊಂದರಲ್ಲಿ ಇಂಗ್ಲಿಷ್ ಕ್ಲಾಸಿಗೆ ಸೇರಿದ್ದೆ. ಇಲ್ಲಿ ಅದಕ್ಕೆ ಈಸಾಲ್ ಅನ್ನುತ್ತಾರೆ, ಬೇರೆ ಭಾಷೆಯವರಿಗೆ ಇಂಗ್ಲಿಷ್. ಎಂಟ್ರಿ 1, 2, 3, ಆಮೇಲೆ ಲೆವೆಲ್ 1, 2. ನನಗೆ ಎಂಟ್ರಿ 3 ಸಿಕ್ಕಿತ್ತು. ಹೊಸದಾಗಿ ಬಂದ ಡಿಪೆಂಡೆಂಟ್ ಆದ್ದರಿಂದ ಫೀಸ್ ಕೈಯಿಂದ ಕಟ್ಟಿದ್ದೆ. ಬೆಳಗಿನ ಕ್ಲಾಸ್. ಏಳಲು ಆಗುತ್ತಿರಲಿಲ್ಲ. ಹಾಜರಾತಿ ಕಡಿಮೆ ಆಯಿತು ಅಂತ ಮನೆಗೆ ಲೆಟರ್ ಬಂತು, ಆಮೇಲೆ ಇನ್ನೊಂದು. ಹುಷಾರಿಲ್ಲ ಅಂತ ತೋರಿಸಲು ಡಾಕ್ಟರ ಕಾಗದ ಬೇಕಿತ್ತು. ಡಾಕ್ಟರೇ ಇರಲಿಲ್ಲ ನನಗೆ. ಸೀಟು ಹೋಯಿತು, ಫೀಸೂ ಹೋಯಿತು. ಮುಂದಿನ ಸೆಪ್ಟೆಂಬರ್ ತನಕ ಕಾಯಬೇಕಾಯಿತು. ಇಂಗ್ಲಿಷ್ ಕಲಿಯಲೆಂದೇ ತುದಿಗಾಲಲ್ಲಿ ನಿಂತಿದ್ದವಳಿಗೆ ಅದು ಎಷ್ಟು ನೋವಾಯಿತು ಅಂತ ನಿಮಗೆ ಹೇಳಬೇಕಾಗಿಲ್ಲ.

ದಾರಿ ತೋರಿಸಿದ್ದು ನಮ್ಮ ಏರಿಯಾದ ಲೈಬ್ರರಿ. ಅಲ್ಲಿ ವಾರಕ್ಕೊಮ್ಮೆ ಸುಮ್ನೆ ಕೂತು ಇಂಗ್ಲಿಷ್ ಮಾತಾಡುವ ಗುಂಪು ಇತ್ತು. ದುಡ್ಡಿಲ್ಲ, ಪರೀಕ್ಷೆ ಇಲ್ಲ. ನಡೆಸುತ್ತಿದ್ದವರು ರಿಟೈರ್ ಆದ ಟೀಚರ್. ನನ್ನ ಮುಖ ನೋಡಿ ಏನಾಗಿದೆ ಅಂತ ಕೇಳಿದರು. ಹೇಳಿದೆ. ಅವರು ಎದ್ದು ಹೋಗಿ ಎನ್‌ಎಚ್‌ಎಸ್ ನಿಯಮದ ಪುಟ ಪ್ರಿಂಟ್ ತೆಗೆದರು. ಅಡ್ರೆಸ್ ಪ್ರೂಫ್ ಬೇಕಿಲ್ಲ ಅನ್ನುವ ಸಾಲಿಗೆ ಹಳದಿ ಬಣ್ಣ ಹಚ್ಚಿದರು. ಅದರ ಕೆಳಗೆ ಪೆನ್ನಿನಲ್ಲಿ ಒಂದು ವಾಕ್ಯ ಬರೆದರು: ‘ಕುಡ್ ಯು ಗಿವ್ ಮಿ ದ ರೀಸನ್ ಇನ್ ರೈಟಿಂಗ್, ಪ್ಲೀಸ್?’ ಅಂದರೆ, ದಯವಿಟ್ಟು ಕಾರಣ ಬರೆದು ಕೊಡುತ್ತೀರಾ? ನನ್ನಿಂದ ಅದನ್ನು ಜೋರಾಗಿ, ಮತ್ತೆ ಮತ್ತೆ ಹೇಳಿಸಿದರು. ದನಿ ಏರಬಾರದು, ಕೊನೆಯ ಪ್ಲೀಸ್ ಬಿಡಬಾರದು.

ಮರುದಿನ ಅದೇ ಜಿಪಿ, ಅದೇ ಕೌಂಟರ್. ಮತ್ತೆ ಪ್ರೂಫ್ ಕೇಳಿದರು. ಇಲ್ಲ ಅಂದೆ, ಆ ವಾಕ್ಯ ಹೇಳಿದೆ. ಕೈ ನಡುಗುತ್ತಿತ್ತು. ರಿಸೆಪ್ಷನಿಸ್ಟ್ ಒಳಗೆ ಹೋಗಿ ಯಾರನ್ನೋ ಕೇಳಿ ಬಂದರು. ‘ಪರವಾಗಿಲ್ಲ, ಈ ಫಾರ್ಮ್ ತುಂಬಿ’ ಅಂತ ಜಿಎಂಎಸ್1 ಫಾರ್ಮ್ ಕೊಟ್ಟರು. ಜಗಳ ಇಲ್ಲ, ಮುಖ ಗಂಟು ಹಾಕಿಕೊಳ್ಳಲಿಲ್ಲ. ಮುಂದಿನ ಸಲ ಹೋದಾಗಲೂ ಮೊದಲಿನಂತೆಯೇ ನಗುತ್ತಾ ಮಾತಾಡಿಸಿದರು. ನನಗೆ ಬ್ರಿಟಿಷ್ ಸಮಾಜ ಅಂದರೇನು ಅಂತ ಮೊದಲ ಸಲ ಅರ್ಥ ಆಗಿದ್ದು ಆವತ್ತು. ಇಲ್ಲಿ ನಿಯಮ ಕೇಳುವುದು ಅವಮಾನ ಮಾಡಿದ ಹಾಗಲ್ಲ. ಕೌಂಟರಿನವರ ಮೇಲೊಂದು ಬರೆದಿಟ್ಟ ನಿಯಮ ಇರುತ್ತದೆ, ಅದರ ಮೇಲೆ ದೂರು ಕೊಡುವ ದಾರಿ ಇರುತ್ತದೆ, ಅದೂ ಆಗದಿದ್ದರೆ ಓಂಬುಡ್ಸ್‌ಮನ್, ಅಂದರೆ ನಮ್ಮ ಲೋಕಾಯುಕ್ತರ ಹಾಗೆ ದೂರು ವಿಚಾರಿಸುವವರು ಇರುತ್ತಾರೆ. ನಮ್ಮಂಥ ಒಂದೇ ಪುಸ್ತಕದ ಸಂವಿಧಾನ ಬ್ರಿಟನ್‌ಗೆ ಇಲ್ಲ. ಆದರೆ ಯಾವ ಕಚೇರಿಗೆ ಹೋದರೂ ದೂರು ಹೇಗೆ ಕೊಡಬೇಕು ಅಂತ ಬರೆದಿಟ್ಟಿರುತ್ತಾರೆ. ಮ್ಯಾಗ್ನಾ ಕಾರ್ಟಾದಲ್ಲಿ ರಾಜನೂ ಕಾನೂನಿನ ಕೆಳಗೇ ಅಂತ ಓದಿದ್ದೆನಲ್ಲ, ಅದು ಒಬ್ಬ ರಿಸೆಪ್ಷನಿಸ್ಟ್ ಮುಂದೆ ನನಗೂ ಸಲ್ಲುತ್ತದೆ ಅಂತ ಯಾವ ಪುಸ್ತಕವೂ ಹೇಳಿರಲಿಲ್ಲ.

ರಕ್ತ ಪರೀಕ್ಷೆ ಆಯಿತು. ಟಿಎಸ್‌ಎಚ್ ಸಿಕ್ಕಾಪಟ್ಟೆ ಏರಿತ್ತು, ಅಂದರೆ ಮೈಗೆ ಥೈರಾಯ್ಡ್ ಹಾರ್ಮೋನ್ ಸಾಲುತ್ತಿರಲಿಲ್ಲ. ಮಾತ್ರೆ ಮತ್ತೆ ಶುರುವಾಯಿತು. ಆಗ ಇನ್ನೊಂದು ವಿಷಯ ಗೊತ್ತಾಯಿತು. ಇಂಗ್ಲೆಂಡಿನಲ್ಲಿ ಚೀಟಿಯ ಒಂದೊಂದು ಔಷಧಕ್ಕೆ ಆಗ 8.80 ಪೌಂಡ್, 2024ರಿಂದ 9.90. ಥೈರಾಯ್ಡ್ ಕಡಿಮೆ ಇದ್ದು ಹಾರ್ಮೋನ್ ಮಾತ್ರೆ ನಿತ್ಯ ಬೇಕಾದವರಿಗೆ ಅದು ಮಾಫಿ. ಜಿಪಿ ಹತ್ತಿರ ಎಫ್‌ಪಿ92ಎ ಫಾರ್ಮ್ ತುಂಬಿದರೆ ಐದು ವರ್ಷಕ್ಕೆ ಸರ್ಟಿಫಿಕೇಟ್ ಬರುತ್ತದೆ. ಥೈರಾಯ್ಡ್‌ಗೆ ಮಾತ್ರ ಅಲ್ಲ, ಬೇರೆ ಯಾವ ಔಷಧ ಬರೆದರೂ ದುಡ್ಡು ಕೊಡಬೇಕಿಲ್ಲ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಲ್ಲಿ ಎಲ್ಲರಿಗೂ ಚೀಟಿ ಔಷಧ ಉಚಿತ. ಅದಕ್ಕೇ ಬ್ರಿಟನ್ ಬೇರೆ, ಇಂಗ್ಲೆಂಡ್ ಬೇರೆ ಅನ್ನೋದನ್ನು ಮೊದಲ ದಿನವೇ ತಲೆಗೆ ಹಾಕಿಕೊಳ್ಳಿ. ನಾನು ಇಲ್ಲಿ ಹೇಳುತ್ತಿರುವುದು ಇಂಗ್ಲೆಂಡಿನದು.

ಇದೆಲ್ಲ ದಾನ ಅಂತ ಸಂಕೋಚ ಪಡಬೇಡಿ. ವೀಸಾ ಜೊತೆ ಹೆಲ್ತ್ ಸರ್ಚಾರ್ಜ್, ಅಂದರೆ ಎನ್‌ಎಚ್‌ಎಸ್ ಬಳಸಲು ಶುಲ್ಕ ಕಟ್ಟುತ್ತೀರಿ. ನಾವು ಬಂದಾಗ ವರ್ಷಕ್ಕೆ 200 ಪೌಂಡ್ ಇತ್ತು, 2024ರ ಫೆಬ್ರವರಿಯಿಂದ ದೊಡ್ಡವರಿಗೆ 1,035 ಆಗಿದೆ. ಕೊಟ್ಟ ಮೇಲೆ ಬಳಸಿ.

ಪುಸ್ತಕ ಓದಲೇಬೇಕು ಅಂದರೆ ಪಿಆರ್‌ಗೆ (ಇಲ್ಲಿ ಕಾಯಂ ಆಗಿ ಇರುವ ಅನುಮತಿಗೆ) ‘ಲೈಫ್ ಇನ್ ದ ಯುಕೆ’ ಅಂತ ಒಂದು ಪರೀಕ್ಷೆ ಇದೆ. 24 ಪ್ರಶ್ನೆ, 45 ನಿಮಿಷ, 18 ಸರಿ ಇರಬೇಕು. ಅದಕ್ಕೊಂದು ಸರ್ಕಾರಿ ಪುಸ್ತಕ ಇದೆ. ನಾನೂ ಓದಿ ಪಾಸಾದೆ, ಇತಿಹಾಸ ಚೆನ್ನಾಗಿಯೇ ಬರೆದಿದ್ದಾರೆ. ಆದರೆ 2013ರಲ್ಲಿ ಅದನ್ನು ಹೊಸದಾಗಿ ಬರೆದಾಗ ಜಿಪಿ ಹತ್ತಿರ ಹೆಸರು ಬರೆಸೋದು ಹೇಗೆ ಅನ್ನುವಂಥ ದಿನನಿತ್ಯದ ವಿಷಯಗಳನ್ನೇ ಕೈಬಿಟ್ಟರು. ಹೊಸದಾಗಿ ಬಂದವರಿಗೆ ಬೇಕಾದದ್ದು ಅದೇ ಅಲ್ವಾ? ನನಗೆ ಇವತ್ತಿಗೂ ಅದರ ಬಗ್ಗೆ ಬೇಜಾರಿದೆ. ಪರೀಕ್ಷೆ ಸಮಯಕ್ಕೆ ಓದಿ, ಈಗ ಬೇಡ.

ಆಕ್ಸೆಂಟ್ ಅಂತೂ ಬಿಟ್ಟೇಬಿಡಿ. ಟೀವಿಯಲ್ಲಿ ಕೇಳುವ ಇಂಗ್ಲಿಷ್ ನೀವು ಹೋಗುವ ಊರಲ್ಲಿ ಇರಲ್ಲ. ನಾಟಿಂಗ್‌ಹ್ಯಾಮ್‌ನಲ್ಲಿ ಬಸ್ ಡ್ರೈವರ್ ನಿಮ್ಮನ್ನು ‘ಡಕ್’ ಅಂತ ಪ್ರೀತಿಯಿಂದ ಕರೆಯುತ್ತಾರೆ. ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಹೋದರೆ ಇಂಗ್ಲಿಷರಿಗೇ ಕಿವಿ ನಿಮಿರಿಸಿ ಕೇಳಬೇಕಾಗುತ್ತದೆ. ನಮ್ಮ ಉಚ್ಚಾರಣೆ ಅವರಿಗೆ ತೊಡಕಲ್ಲ, ನಮ್ಮ ಮೌನವೇ ತೊಡಕು. ಅರ್ಥ ಆಗದಿದ್ದರೆ ಇನ್ನೊಮ್ಮೆ ಹೇಳಿ ಅನ್ನಿ. ಡಾಕ್ಟರ ಹತ್ತಿರ ಮಾತು ಬರಲ್ಲ ಅಂದರೆ ಇಂಟರ್‌ಪ್ರಿಟರ್ ಬೇಕು ಅಂತ ಅಪಾಯಿಂಟ್‌ಮೆಂಟ್ ತಗೊಳ್ಳುವಾಗಲೇ ಹೇಳಿ. ಎನ್‌ಎಚ್‌ಎಸ್‌ನಲ್ಲಿ ಅದಕ್ಕೆ ನೀವು ದುಡ್ಡು ಕೊಡಬೇಕಿಲ್ಲ. ಗಂಡನನ್ನೇ ದುಭಾಷಿ ಮಾಡಿಕೊಳ್ಳಬೇಡಿ, ನಿಮ್ಮ ಕಾಯಿಲೆಯ ಬಗ್ಗೆ ನೀವೇ ಮಾತಾಡಿ.

ಬಂದ ಮೊದಲ ವಾರವೇ ಜಿಪಿ, ಲೈಬ್ರರಿ ಎರಡರಲ್ಲೂ ಹೆಸರು ಬರೆಸಿ. ಕೌನ್ಸಿಲ್ ಟ್ಯಾಕ್ಸ್ ಬಿಲ್‌ನಲ್ಲಿ ನಿಮ್ಮ ಹೆಸರೂ ಹಾಕಿಸಿ. ಮಧ್ಯರಾತ್ರಿ ಹುಷಾರು ತಪ್ಪಿ, ಏನು ಮಾಡೋದು ಅಂತ ತೋಚದಿದ್ದರೆ 111ಕ್ಕೆ ಫೋನ್ ಮಾಡಿ. ಪ್ರಾಣಾಪಾಯ ಇದ್ದರೆ 999.

ಇನ್ನೊಂದು, ಇದು ನಮ್ಮವರಲ್ಲಿ ತುಂಬಾ ಜನಕ್ಕೆ ಗೊತ್ತಿಲ್ಲ. ಕಾಮನ್‌ವೆಲ್ತ್ ದೇಶದವರು ವೀಸಾದಲ್ಲಿ ಇಲ್ಲಿ ವಾಸ ಇದ್ದರೆ ಓಟು ಹಾಕಬಹುದು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ನಾನು 2019ರ ಡಿಸೆಂಬರ್ ಚುನಾವಣೆಯಲ್ಲಿ ಓಟು ಹಾಕಿದೆ. ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಮುಂದೆ ಸಾಲ, ಫೋನ್ ಕಾಂಟ್ರ್ಯಾಕ್ಟ್‌ಗೂ ಅನುಕೂಲ. 650 ಎಂಪಿಗಳಲ್ಲಿ ಒಬ್ಬರು ನಿಮ್ಮ ಏರಿಯಾದವರು, ನೀವು ಬರೆದ ಕಾಗದಕ್ಕೆ ಅವರ ಆಫೀಸಿನಿಂದ ಉತ್ತರ ಬರುತ್ತದೆ. ನಾನು ಈಸಾಲ್ ಕ್ಲಾಸಿನ ಫೀಸಿನ ಬಗ್ಗೆ ಬರೆದಿದ್ದೆ, ಉತ್ತರ ಬಂತು. ಪಾರ್ಲಿಮೆಂಟ್ ಬಗ್ಗೆ ಓದುವುದಕ್ಕಿಂತ ಒಂದು ಕಾಗದ ಬರೆಯಿರಿ, ಇಂಗ್ಲಿಷೂ ಸುಧಾರಿಸುತ್ತದೆ. ಲಂಡನ್‌ಗೆ ಹೋದಾಗ ಥೇಮ್ಸ್ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ಗೂ ಹೋಗಿ. 2015ರಲ್ಲಿ ಅನಾವರಣವಾದ ನಮ್ಮ ಬಸವಣ್ಣನವರ ಪ್ರತಿಮೆ ಅಲ್ಲಿದೆ.

ನೀವು ಯಾವುದಾದರೂ ಮಾತ್ರೆ ದಿನಾ ತಗೊಳ್ಳುವವರಾದರೆ, ಹೊರಡುವ ಮುಂಚೆ ನಿಮ್ಮ ಡಾಕ್ಟರಿಂದ ಇಂಗ್ಲಿಷಿನಲ್ಲಿ ಒಂದು ಕಾಗದ ಬರೆಸಿಕೊಳ್ಳಿ. ಅಂಗಡಿಯಲ್ಲಿ ಕೊಡುವ ಬ್ರಾಂಡ್ ಹೆಸರು ಸಾಲದು, ಲೆವೊಥೈರಾಕ್ಸಿನ್ ಅನ್ನುವ ಹಾಗೆ ಔಷಧದ ಮೂಲ ಹೆಸರು, ಎಷ್ಟು ಮೈಕ್ರೊಗ್ರಾಂ, ಎಷ್ಟು ವರ್ಷದಿಂದ ಅಂತ ಇರಲಿ. ಕೊನೆಯ ರಕ್ತ ಪರೀಕ್ಷೆಯ ರಿಪೋರ್ಟೂ ಜೊತೆಗಿರಲಿ. ಚೆಕ್-ಇನ್ ಬ್ಯಾಗಿನಲ್ಲಿ ಬೇಡ, ಕೈಯಲ್ಲಿರುವ ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ಯಾವ ಊರಿಗೆ ಹೋಗುತ್ತಿದ್ದೀರಿ ಅಂತ ಕಾಮೆಂಟಿನಲ್ಲಿ ಹೇಳಿದರೆ ಅಲ್ಲಿನ ಲೈಬ್ರರಿಯಲ್ಲಿ ಇಂಗ್ಲಿಷ್ ಗುಂಪು ಇದೆಯಾ ಅಂತ ನೋಡಿ ಹೇಳುತ್ತೇನೆ.