ಪ್ರೀತಿಯಿಂದ ‘ಕರಿಯ’ ಎಂದು ಕರೆದರೆ ತಪ್ಪೇನು?

ನಿಮ್ಮ ಪ್ರಶ್ನೆ ಇಷ್ಟು: ಗೆಳೆಯರಲ್ಲಿ ಒಬ್ಬನನ್ನು ‘ಕರಿಯ’ ಎಂದೂ ಸಣ್ಣ ಕಣ್ಣಿನ ಇನ್ನೊಬ್ಬನನ್ನು ‘ಚೀನಾ’ ಎಂದೂ ಕರೆಯುತ್ತೀರಿ. ಅದು ಪ್ರೀತಿಯ ಮಾತು. ಈಗ ಯಾರೋ ಅದನ್ನು ಜನಾಂಗೀಯ ನಿಂದನೆ ಎಂದಿದ್ದಾರೆ, ಅತಿಯಾಯಿತಲ್ಲವೇ?

ನಾನು ಸಕಲೇಶಪುರದ ಹತ್ತಿರದ ಒಂದು ಕಾಫಿ ತೋಟದಲ್ಲಿ ಆಳುಗಳ ಹಾಜರಿ ಬರೆಯುವ ರೈಟರ್. ಮೈಬಣ್ಣ ಎಣ್ಣೆಗಪ್ಪು. ನನ್ನನ್ನು ಮೊದಲು ಕರಿಯ ಎಂದವಳು ಅಜ್ಜಿ. ಅವಳ ಅಪ್ಪನ ಹೆಸರೇ ಕರಿಯಪ್ಪ, ಅವಳು ಹರಕೆ ಹೊರುತ್ತಿದ್ದುದು ಕರಿಯಮ್ಮನಿಗೆ. ಕೃಷ್ಣ ಎಂದರೂ ಕಪ್ಪೇ ತಾನೆ? ಕನ್ನಡದಲ್ಲಿ ಆ ಪದಕ್ಕೆ ಹುಟ್ಟಿನಿಂದ ಬಂದ ಮೈಲಿಗೆಯೇನೂ ಇಲ್ಲ. ಶಾಲೆಯಲ್ಲಿ ಕರಿಯ ಎಂದವನನ್ನು ನಾನು ಹಲ್ಲುಬ್ಬ ಎನ್ನುತ್ತಿದ್ದೆ, ಲೆಕ್ಕ ಚುಕ್ತಾ ಆಗುತ್ತಿತ್ತು.

ಹೆಣ್ಣು ನೋಡಲು ಹೋದಾಗ ಲೆಕ್ಕ ಬೇರೆಯಾಯಿತು. ಮದುವೆ ದಲ್ಲಾಳಿ ನನ್ನದು ‘ಗೋಧಿ ಬಣ್ಣ’ ಎಂದು ಹೇಳಿಬಿಟ್ಟಿದ್ದ. ಹುಡುಗಿಯ ಚಿಕ್ಕಪ್ಪ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಗೋಧಿ ಸ್ವಲ್ಪ ಸೀದಿದೆ” ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಉಪ್ಪಿಟ್ಟಿನ ತಟ್ಟೆ ಕೈಯಲ್ಲಿ ಹಿಡಿದವನು ಇನ್ನೇನು ಮಾಡಲಿ? ಮುಖ ಬೆಳ್ಳಗಾಗಿಸುವ ಮುಲಾಮು 2020ರಲ್ಲಿ ತನ್ನ ಹೆಸರಿನಿಂದ ‘ಫೇರ್’ ತೆಗೆದು ‘ಗ್ಲೋ’ ಹಾಕಿಕೊಂಡಿತು. ಚಿಕ್ಕಪ್ಪನವರು ಬದಲಾಗಿರಲಾರರು.

ನೀವು ಹೇಳುವ ಪ್ರೀತಿಯ ವಾದ ಹೊಸದೇನೂ ಅಲ್ಲ. ವೆಸ್ಟ್ ಇಂಡೀಸ್ ನಾಯಕನಾಗಿ ಎರಡು ಬಾರಿ ಟಿ20 ವಿಶ್ವಕಪ್ ಗೆದ್ದ ಡ್ಯಾರೆನ್ ಸ್ಯಾಮಿ, ಐಪಿಎಲ್‌ನಲ್ಲಿ ಆಡುತ್ತಿದ್ದಾಗ ತನ್ನನ್ನು ‘ಕಾಲೂ’ ಎಂದು ಕರೆಯುತ್ತಿದ್ದರೆಂದು 2020ರಲ್ಲಿ ಹೇಳಿದರು. ಬಲಶಾಲಿ ಕುದುರೆ ಎಂದು ಅರ್ಥವಿರಬೇಕೆಂದುಕೊಂಡು ಅವರೂ ಎಲ್ಲರೊಡನೆ ನಗುತ್ತಿದ್ದರು. ನಿಜವಾದ ಅರ್ಥ ‘ಕರಿಯ’ ಎಂದು ತಿಳಿದಾಗ ಸಿಟ್ಟಾದರು. ಆಮೇಲೆ ಒಬ್ಬ ಸಹ ಆಟಗಾರ ಮಾತನಾಡಿ, ಪ್ರೀತಿಯಿಂದಲೇ ಹಾಗೆ ಕರೆದದ್ದು ಎಂದರಂತೆ. ಸ್ಯಾಮಿ ನಂಬಿದರು. ಇರಬಹುದು. ಆದರೆ ಪದದ ಅರ್ಥ ಒಬ್ಬನಿಗೆ ಮಾತ್ರ ಗೊತ್ತಿದ್ದು ಇನ್ನೊಬ್ಬನಿಗೆ ಗೊತ್ತಿಲ್ಲದ ಪ್ರೀತಿ ಎಂಥದ್ದು?

ಈಗ ನನ್ನ ತಪ್ಪಿಗೆ ಬರುತ್ತೇನೆ. 2018ರ ಕೊಯ್ಲಿಗೆ ನಮ್ಮ ತೋಟಕ್ಕೆ ಅಸ್ಸಾಮಿನಿಂದ ಹನ್ನೊಂದು ಆಳುಗಳು ಬಂದರು. ಹೆಸರುಗಳು ಬಾಯಿಗೆ ಹತ್ತಲಿಲ್ಲ. ಅವರಲ್ಲಿ ಕಣ್ಣು ಸಣ್ಣಗಿದ್ದ ಐವರನ್ನು ಹಾಜರಿ ಪುಸ್ತಕದಲ್ಲಿ ‘ಚೀನಾ 1’ರಿಂದ ‘ಚೀನಾ 5’ ಎಂದು ಬರೆದುಕೊಂಡೆ. ಕರೆಯುತ್ತಿದ್ದುದೂ ಹಾಗೆಯೇ: “ಏ ಚೀನಾ, ಚೀಲ ತಾ.” ಬರುತ್ತಿದ್ದರು. ಬೈಯುತ್ತಿದ್ದೇನೆ ಎಂದು ನನಗೆ ಒಂದು ದಿನವೂ ಅನ್ನಿಸಲಿಲ್ಲ. ಡಿಸೆಂಬರ್ ಚಳಿಗೆ ಆಳುಗಳು ಇರುವ ಲೈನ್ ಮನೆಗೆ ಕಂಬಳಿ ಕೊಟ್ಟವನೂ ಜ್ವರ ಬಂದಾಗ ಮಾತ್ರೆ ತಂದವನೂ ನಾನೇ ಆಗಿದ್ದೆ.

ಆಮೇಲೆ ಸಂಬಳವನ್ನು ಮೊಬೈಲ್‌ನಲ್ಲಿ ಕಳುಹಿಸುವುದು ಶುರುವಾಯಿತು. ‘ಚೀನಾ 4’ ಪಕ್ಕದಲ್ಲಿ ನಿಂತಿದ್ದ. ನಂಬರ್ ಒತ್ತಿದೆ, ಪರದೆಯ ಮೇಲೆ ಉದ್ದನೆಯ ಹೆಸರೊಂದು ಬಂತು. ತಪ್ಪು ನಂಬರ್ ಎಂದುಕೊಂಡು, “ಇದು ಯಾರು?” ಎಂದೆ.

“ನಾನೇ ಸಾರ್.”

ಅಷ್ಟು ಹೊತ್ತಿಗೆ ಮೂರು ಕೊಯ್ಲು ಮುಗಿದಿದ್ದವು.

ಅವನು ಬೋಡೋ ಮಾತಾಡುವವನು. ಆ ಭಾಷೆ ನಮ್ಮ ಕನ್ನಡದ ಹಾಗೆಯೇ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿದೆ, 2003ರ ತಿದ್ದುಪಡಿಯಲ್ಲಿ ಸೇರಿದ್ದು. ಉಳಿದವರಲ್ಲಿ ಇಬ್ಬರದು ಬಂಗಾಳಿ. ಒಬ್ಬನ ಮುತ್ತಜ್ಜ ಜಾರ್ಖಂಡ್ ಕಡೆಯಿಂದ ಅಲ್ಲಿನ ಚಹಾ ತೋಟಕ್ಕೆ ಹೋದವನಂತೆ. ನಮಗೆ ಎಲ್ಲರೂ ಅಸ್ಸಾಮಿಗಳು. ಹಿಂದೆ ತಮಿಳುನಾಡಿನಿಂದ ಬಂದ ಆಳುಗಳೆಲ್ಲ ‘ಕೊಂಗರು’ ಆಗಿರಲಿಲ್ಲವೇ, ಹಾಗೆ.

‘ಚೀನಾ’ ಎಂದರೆ ಬೇಸರವಾಗುತ್ತದೆಯೇ ಎಂದು ಆ ದಿನ ಕೇಳಿದೆ. ಸ್ವಲ್ಪ ತಡೆದು, 2020ರಲ್ಲಿ ಸಂತೆಯಲ್ಲಿ ಯಾರೋ ತನ್ನನ್ನು ನೋಡಿ “ಕೊರೊನಾ, ಕೊರೊನಾ” ಎಂದು ಕೂಗಿದ್ದನ್ನು ಹೇಳಿದ. ಅದಾದ ಮೇಲೆ ಎಷ್ಟೋ ವಾರ ಸಾಮಾನು ತರಲು ಬೇರೆಯವರನ್ನು ಕಳುಹಿಸಿದನಂತೆ. ಆ ವರ್ಷದ ಮಾರ್ಚ್‌ನಲ್ಲಿ ಕೇಂದ್ರ ಗೃಹ ಸಚಿವಾಲಯ, ಈಶಾನ್ಯದವರಿಗೆ ಹೀಗೆ ಕಿರುಕುಳ ಕೊಡುವವರ ಮೇಲೆ ಕ್ರಮ ಕೈಗೊಳ್ಳಿ ಎಂದು ರಾಜ್ಯಗಳಿಗೆ ಪತ್ರ ಬರೆದಿತ್ತು. ಪತ್ರ ನಮ್ಮ ಸಂತೆಯವರೆಗೆ ಬರಲಿಲ್ಲ. ನನ್ನ ಪ್ರಶ್ನೆಗೆ ಮಾತ್ರ ಅವನು ಉತ್ತರ ಕೊಡಲಿಲ್ಲ. ಹಾಜರಿ ಬರೆಯುವವನಿಗೆ ಯಾವ ಆಳು ತಾನೆ ಬೇಸರ ಎನ್ನುತ್ತಾನೆ?

ಹಾಗಾಗಿ ನಿಮ್ಮ ಪ್ರೀತಿಯನ್ನು ನಾನು ಅಳೆಯಲು ಹೋಗುವುದಿಲ್ಲ. ಆ ಇಬ್ಬರು ಗೆಳೆಯರು ನಿಮ್ಮನ್ನು ತಿರುಗಿ ಏನೆಂದು ಕರೆಯುತ್ತಾರೆ, ಹಾಗೆ ಕರೆದಾಗ ನಿಮ್ಮ ಮುಖ ಹೇಗಿರುತ್ತದೆ, ಅದನ್ನು ಹೇಳಿ. ಕರಿಯನ ಬಳಿ ಒಂದು ಹಲ್ಲುಬ್ಬ ಇದ್ದರೆ ನಿಮ್ಮ ನಿಮ್ಮಲ್ಲೇ ಬಗೆಹರಿಯುತ್ತದೆ. ‘ಚೀನಾ’ ವಿಷಯದಲ್ಲಿ ನನಗೆ ಅಷ್ಟು ಉದಾರತೆ ಇಲ್ಲ. ಅದು ಬಣ್ಣದ ಮಾತಲ್ಲ, ನೀನು ಈ ದೇಶದವನೇ ಅಲ್ಲ ಎನ್ನುವ ಮಾತು. ಇನ್ನು ಜಾತಿ ಹಿಡಿದು ಬೈಯುವುದನ್ನು ದಯವಿಟ್ಟು ಈ ತಮಾಷೆಯ ಬುಟ್ಟಿಗೆ ಹಾಕಬೇಡಿ, ಅದಕ್ಕೆ ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆಯೇ ಇದೆ.

ಹಾಜರಿ ಪುಸ್ತಕದಲ್ಲಿ ಈಗ ಎಲ್ಲರ ಹೆಸರೂ ಇದೆ. ಉಚ್ಚಾರಣೆ ತಪ್ಪಿದರೆ ಅವರೇ ತಿದ್ದುತ್ತಾರೆ. ಲೈನ್ ಮನೆಗಳಲ್ಲಿ ನನಗೂ ಒಂದು ಹೆಸರಿಟ್ಟಿದ್ದಾರೆಂದು ಕಳೆದ ವರ್ಷ ಮೇಸ್ತ್ರಿ ಹೇಳಿದ. ಏನದು ಎಂದು ಅವನನ್ನೇ, ಹಳೆಯ ‘ಚೀನಾ 4’ನನ್ನೇ ಹಿಡಿದು ಕೇಳಿದೆ. ನಕ್ಕುಬಿಟ್ಟ. “ಪ್ರೀತಿಯಿಂದ ಇಟ್ಟಿದ್ದು ಸಾರ್” ಎಂದ. ಅರ್ಥ ಇನ್ನೂ ಹೇಳಿಲ್ಲ.