ಆ ರೈಲು ಏರುತ್ತಿತ್ತೋ, ಇಳಿಯುತ್ತಿತ್ತೋ?

ಪ್ರಿಯ ಮಿತ್ರರೇ,

ಇಂಗ್ಲೆಂಡಿನ ಲೀಡ್ಸ್‌ನಿಂದ ನೀವು ಕಳಿಸಿದ ‘ಹೊಗೆಯುಗುಳುವ ದೈತ್ಯರ ಬೆನ್ನತ್ತಿ’ ಲೇಖನ ತಲುಪಿತು. ಜೊತೆಗಿದ್ದ ಆರು ಚಿತ್ರಗಳನ್ನೂ ನೋಡಿದೆ. ಡಿಸೆಂಬರಿನ ಒಂದು ದಿನ ಯಾರ್ಕ್‌ಶೈರಿನ ರಿಬಲ್‌ಹೆಡ್ ರೈಲು ಸೇತುವೆ ಹತ್ತಿರ ಚಳಿಯಲ್ಲಿ ನಿಂತು, ಗೂಡ್ಸ್ ಎಳೆಯುವ ಡೀಸೆಲ್ ಎಂಜಿನ್ನಿನ ಫೋಟೊ ತೆಗೆದ ಅನುಭವ ಬರೆದಿದ್ದೀರಿ. ಭಾಷೆ ಶುದ್ಧವಾಗಿದೆ, ಚಿತ್ರಗಳು ಚೆನ್ನಾಗಿವೆ, ವಿಷಯವೂ ಹೊಸದು. ಆದರೂ ಓದಿ ಮುಗಿಸುವ ಹೊತ್ತಿಗೆ ನನಗೆ ಸಿಟ್ಟು ಬಂದಿತ್ತು. ಅದಕ್ಕೆ ಮುಖ್ಯ ಕಾರಣ ಮೂರನೇ ಪುಟದ ಈ ಒಂದು ವಾಕ್ಯ:

“ಬ್ರಿಟಿಷ್ ಎಂಜಿನಿಯರಿಂಗಿನ ಹೆಮ್ಮೆಯಾದ ಕ್ಲಾಸ್ 66 ದೈತ್ಯ, ಬೆಟ್ಟಗಳೇ ನಡುಗುವಂತೆ ಗರ್ಜಿಸುತ್ತಾ, ಅಸಂಖ್ಯ ವ್ಯಾಗನ್ನುಗಳನ್ನು ಎಳೆದುಕೊಂಡು ಬಂತು.”

ಇದು ನಿಮ್ಮ ಲೇಖನದ ಹೃದಯ. ನೀವು ಅಷ್ಟು ಹೊತ್ತು ಕಾದಿದ್ದು ಈ ಕ್ಷಣಕ್ಕೆ. ಅಲ್ಲೇ ನೀವು ಕಣ್ಣು ಮುಚ್ಚಿಕೊಂಡಿದ್ದೀರಿ.

ಮೊದಲು ‘ಬ್ರಿಟಿಷ್ ಹೆಮ್ಮೆ’. ಕ್ಲಾಸ್ 66 ಎಂಬ ಮಾದರಿಯ ಎಂಜಿನ್ನುಗಳಲ್ಲಿ ಬಹುಪಾಲು ತಯಾರಾಗಿದ್ದು ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ. ಆ ಊರಿನ ಹೆಸರೂ ಲಂಡನ್ನೇ. ಮಾಡಿದ್ದು ಅಮೆರಿಕದ ಜನರಲ್ ಮೋಟರ್ಸ್. ಮೊದಲನೆಯದು ಹಡಗಿನಲ್ಲಿ ಬ್ರಿಟನ್ನಿಗೆ ಬಂದಿದ್ದು 1998ರಲ್ಲಿ. ಈ ಸಂಗತಿಯೇ ಎಷ್ಟು ಚೆನ್ನಾಗಿದೆ ನೋಡಿ! ಅದನ್ನು ಬಿಟ್ಟು ಹೆಮ್ಮೆ ಅನ್ನೋ ಮಾತು ಹಾಕಿದ್ದೀರಿ.

ಆಮೇಲೆ ‘ಗರ್ಜಿಸುತ್ತಾ’. ನನ್ನನ್ನು ಜಾಸ್ತಿ ಕಾಡಿದ್ದು ಇದು. ನಾಲ್ಕನೇ ಚಿತ್ರದ ಕೆಳಗೆ ನೀವೇ ಬರೆದಿದ್ದೀರಿ, “ಕಾರ್ಲೈಲ್ ಕಡೆಯಿಂದ ಬಂದ ರೈಲು” ಅಂತ. ಮಗಳು ಇಂಗ್ಲೆಂಡಿನಲ್ಲಿ ಓದುತ್ತಿದ್ದಾಗ ನಾನೂ ಎರಡು ಸಲ ಆ ಸೇತುವೆ ಹತ್ತಿರ ಹೋಗಿದ್ದೆ. ದಕ್ಷಿಣದ ಸೆಟ್ಲ್ ಊರಿನ ಕಡೆಯಿಂದ ಉತ್ತರಕ್ಕೆ ಹೋಗುವ ರೈಲಿಗೆ ಅದು ಏರು. ಸುಮಾರು 15 ಮೈಲಿ, ಹೆಚ್ಚುಕಡಿಮೆ ಉದ್ದಕ್ಕೂ 100 ಅಡಿಗೆ 1 ಅಡಿಯಂತೆ ಏರಬೇಕು. ಅಲ್ಲಿನವರು ಅದನ್ನು ‘ಲಾಂಗ್ ಡ್ರ್ಯಾಗ್’ (ಉದ್ದನೆಯ ಎಳೆತ) ಅಂತ ಕರೆಯುವುದು ಸುಮ್ನೆ ಅಲ್ಲ. ಕಾರ್ಲೈಲ್‌ನಿಂದ ದಕ್ಷಿಣಕ್ಕೆ ಬರುವ ರೈಲಿಗೆ ಬ್ಲೀ ಮೂರ್ ಸುರಂಗ ದಾಟಿದ ಮೇಲೆ ಇಳಿಜಾರು. ಹಾಗಾದರೆ ನಿಮ್ಮ ಎಂಜಿನ್ ಗರ್ಜಿಸಿದ್ದು ಹೇಗೆ? ಅದು ಬ್ರೇಕ್ ಹಿಡಿದುಕೊಂಡು ಮೆಲ್ಲಗೆ ಜಾರಿ ಬರುತ್ತಿತ್ತು ಅಲ್ವಾ? ನಿಮ್ಮ ಚಿತ್ರವೂ ಅದನ್ನೇ ಹೇಳುತ್ತದೆ. ಎಂಜಿನ್ನಿನ ನೆತ್ತಿಯ ಮೇಲೆ ಒಂದು ಎಳೆ ಹೊಗೆ ಇಲ್ಲ. ಹಿಂದಿನ ವರ್ನ್‌ಸೈಡ್ ಬೆಟ್ಟದ ಗೆರೆ ಅಲುಗಾಡದೆ ನಿಂತಿದೆ. ದುಡಿಯುತ್ತಿರುವ ಎಂಜಿನ್ನಿನ ಮೇಲೆ ಬಿಸಿಗಾಳಿ ಏಳುತ್ತದೆ, ಹಿಂದಿರುವ ಬೆಟ್ಟ ನೀರಿನಲ್ಲಿ ಕಂಡ ಹಾಗೆ ಕದಡುತ್ತದೆ. ಕ್ಯಾಮೆರಾ ಸರಿಯಾಗಿ ನೋಡಿದೆ, ನೀವು ನೋಡಿಲ್ಲ.

ಇನ್ನು ‘ಅಸಂಖ್ಯ’. ನಿಮ್ಮ ಚಿತ್ರದಲ್ಲೇ ಎಣಿಸಿದೆ. 19.

ನನಗೆ ಇಪ್ಪತ್ಮೂರು ವಯಸ್ಸಿದ್ದಾಗ ಒಂದು ವಾರಪತ್ರಿಕೆಗೆ ಸೇರಿದ್ದೆ. ಮಂಡ್ಯದ ಕಡೆಯ ಆಲೆಮನೆ ಬಗ್ಗೆ ಬರೆಯಲು ಕಳಿಸಿದರು. ಸಂಜೆ ಹೋಗಿ ಒಂದು ಗಂಟೆ ಇದ್ದು ಬಂದು, ಬೆಲ್ಲದ ಘಮ, ಹಳ್ಳಿಯ ಸೊಬಗು ಅಂತ ನಾಲ್ಕು ಪುಟ ಬರೆದೆ. ನಮ್ಮ ಹಿರಿಯ ಉಪಸಂಪಾದಕರು ಓದಿ ಒಂದೇ ಪ್ರಶ್ನೆ ಕೇಳಿದರು. “ಗಾಣ ಏನು ಮಾಡ್ತಿತ್ತಪ್ಪಾ?” ನನಗೆ ಉತ್ತರ ಗೊತ್ತಿರಲಿಲ್ಲ. ಮಾರನೇ ದಿನ ಮತ್ತೆ ಬಸ್ಸು ಹತ್ತಿಸಿದರು. ಆ ಸಲ ಇಡೀ ರಾತ್ರಿ ಕೂತೆ. ಆ ಗಾಣ ತಿರುಗುತ್ತಿದ್ದುದು ಡೀಸೆಲ್ ಎಂಜಿನ್ನಿನಿಂದ. ಖಾಲಿ ಇದ್ದಾಗ ಅದರ ಸದ್ದು ಹಗುರ, ಟಕಟಕ ಅಂತ. ಗಾಣದ ಬಾಯಿಗೆ ಕಬ್ಬು ಕೊಟ್ಟ ಕೂಡಲೇ ಸದ್ದು ಕುಗ್ಗಿ ದಪ್ಪ ಆಗುತ್ತಿತ್ತು, ಕೊಳವೆಯಿಂದ ಕಪ್ಪು ಹೊಗೆ ಬುಸ್ ಅಂತ ಬರುತ್ತಿತ್ತು. ಕೊಪ್ಪರಿಗೆ ಹತ್ತಿರ ಬೆನ್ನು ಮಾಡಿ ಕೂತಿದ್ದ ಮುದುಕರು ತಿರುಗಿಯೂ ನೋಡದೆ, “ಕಬ್ಬು ಜಾಸ್ತಿ ಕೊಟ್ಟೆ ಕಣ್ಲಾ” ಅಂತ ಹುಡುಗನಿಗೆ ಬೈದರು. ಅವರು ಕಿವಿಯಿಂದಲೇ ಕೆಲಸ ನೋಡುತ್ತಿದ್ದರು. ನಲವತ್ತು ವರ್ಷ ಆಯಿತು, ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ.

ನಿಮ್ಮ ರೈಲಿನ ಎಂಜಿನ್ನೂ ಅದೇ ಜಾತಿ. ಡ್ರೈವರ್ ಒಮ್ಮೆಲೇ ಪವರ್ ಕೊಟ್ಟಾಗ ಡೀಸೆಲ್ ತಕ್ಷಣ ಒಳಗೆ ಹೋಗುತ್ತದೆ. ಗಾಳಿ ತುಂಬುವ ಟರ್ಬೊ ವೇಗ ಹಿಡಿಯಲು ಒಂದೆರಡು ಕ್ಷಣ ಬೇಕು. ಆ ನಡುವೆ ಅರೆಬೆಂದ ಎಣ್ಣೆಯೇ ಕಪ್ಪು ಹೊಗೆ. ಬ್ರಿಟನ್ನಿನ ರೈಲು ಹವ್ಯಾಸಿಗಳು ಅದಕ್ಕೆ ‘ಕ್ಲ್ಯಾಗ್’ ಅನ್ನುತ್ತಾರೆ. ನಿಂತಲ್ಲಿಂದ ಹೊರಡುವಾಗ ಹಳೇ ಕ್ಲಾಸ್ 37 ಅದನ್ನು ಧಾರಾಳವಾಗಿ ಕೊಡುತ್ತದೆ. 66 ಅಷ್ಟು ಕೊಡುವುದಿಲ್ಲ. ಹಾಗಾಗಿ ಬೇರೆ ಗುರುತು ಹುಡುಕಬೇಕು. ಏರಿನಲ್ಲಿ ಬಿಗಿದು ನಿಂತ ಕೊಂಡಿ, ಬಾಗಿದ ಹಳಿಯ ಮೇಲೆ ಹಿಂದೆ ಉದ್ದಕ್ಕೂ ಕಾಣುವ ಭಾರ, ಪೂರ್ತಿ ಪವರ್ ಕೊಟ್ಟರೂ ನಿಧಾನಕ್ಕೆ ಬರುವ ರೈಲು. ಆ ನಿಧಾನ ಚಿತ್ರದಲ್ಲಿ ಬರುವುದಿಲ್ಲ, ಬರಹದಲ್ಲಿ ಬರಬೇಕು. ಸದ್ದು ಎಷ್ಟು ಹೊತ್ತು ಮುಂಚೆ ಕೇಳಿಸಿತು? ಕುರಿಗಳು ತಲೆ ಎತ್ತಿದವಾ?

‘ದೈತ್ಯ’ ಎಂಬ ಮಾತು ಹದಿನಾಲ್ಕು ಸಲ ಇದೆ. ಅಷ್ಟೂ ತೆಗೆಯಿರಿ. ಅಲ್ಲಿನ ಜನ ಈ ಎಂಜಿನ್ನುಗಳಿಗೆ ಇಟ್ಟ ಹೆಸರು ಕೇಳಿ. 37 ಅಂದರೆ ಟ್ರ್ಯಾಕ್ಟರ್, ಅದರ ಸದ್ದೇ ಹಾಗೆ. ಕ್ಲಾಸ್ 20 ಚಾಪರ್, ಹೆಲಿಕಾಪ್ಟರಿನಂತೆ ಬಡಿಯುತ್ತದೆ. ಕ್ಲಾಸ್ 40 ವಿಸ್ಲರ್, ಸಿಳ್ಳೆ ಹಾಕುತ್ತದೆ. ನಿಮ್ಮ 66 ಬರೀ ಶೆಡ್, ಅದರ ಬೆನ್ನು ತಗಡಿನ ಮಾಡಿನ ಹಾಗಿದೆ. ಪ್ರೀತಿ ಇದ್ದವರು ಇಟ್ಟ ಹೆಸರುಗಳು ಇವು. ದೈತ್ಯ ಎಂದು ಯಾರೂ ಕರೆದದ್ದನ್ನು ನಾನು ಕೇಳಿಲ್ಲ.

ಇನ್ನೊಂದು ಸಾಲು ಇದೆ: “ಬೆಳಕು ಅದ್ಭುತವಾಗಿತ್ತು.” ಯಾಕೆ ಅದ್ಭುತ? ಡಿಸೆಂಬರಿನ ಕೊನೆಗೆ ನಡುಮಧ್ಯಾಹ್ನವೂ ಅಲ್ಲಿ ಸೂರ್ಯ ದಿಗಂತದಿಂದ 13 ಡಿಗ್ರಿ ಏರುವುದಿಲ್ಲ. ಬೆಂಗಳೂರಿನಲ್ಲಿ ಅದೇ ದಿನ 53. ಅಷ್ಟು ತಗ್ಗಿದ ಬಿಸಿಲು ಎಂಜಿನ್ನಿನ ಹೊಟ್ಟೆಯ ಕೆಳಗೂ ನುಗ್ಗುತ್ತದೆ. ಬೇಸಿಗೆಯ ಮಧ್ಯಾಹ್ನ ಕತ್ತಲಲ್ಲಿ ಮುಳುಗಿರುವ ಗಾಲಿ, ಸ್ಪ್ರಿಂಗು, ಮಸಿ ಎಲ್ಲ ಆಗ ಕಾಣುತ್ತದೆ. ನಿಮ್ಮ ಮೂರನೇ ಚಿತ್ರದಲ್ಲಿ ಕಂಡಿದೆ. ಬೆಂಗಳೂರಿನ ಬಿಸಿಲಲ್ಲಿ ಬೆಳೆದ ನೀವು ಇದನ್ನು ಗಮನಿಸದೆ ಇರಲು ಸಾಧ್ಯವೇ ಇಲ್ಲ. ಅದನ್ನು ಬರೆಯಿರಿ.

ಚಿತ್ರಗಳನ್ನು ಇಟ್ಟುಕೊಂಡಿದ್ದೇನೆ, ಬರಹ ವಾಪಸ್ ಕಳಿಸುತ್ತಿದ್ದೇನೆ. ಇನ್ನೊಮ್ಮೆ ಹೋಗಿ, ಉತ್ತರಕ್ಕೆ ಏರುವ ಗೂಡ್ಸ್ ಒಂದಕ್ಕೆ ಕಾಯಿರಿ. ದೂರ ಆದರೂ ಪರವಾಗಿಲ್ಲ ಅಂದರೆ ಬರ್ಮಿಂಗ್‌ಹ್ಯಾಮ್ ಕೆಳಗಿನ ಬ್ರೋಮ್ಸ್‌ಗ್ರೋವ್‌ಗೆ ಹೋಗಿ. ಅಲ್ಲಿನ ಲಿಕ್ಕಿ ಏರು ಸುಮಾರು 38 ಅಡಿಗೆ 1 ಅಡಿ. ಭಾರದ ಗೂಡ್ಸ್ ಬಂದರೆ ಹಿಂದಿನಿಂದ ಇನ್ನೊಂದು ಎಂಜಿನ್ ನೂಕುತ್ತದೆ. ಮೊದಲ ಸಲ ಹೋದಾಗ ಕ್ಯಾಮೆರಾ ಚೀಲದಲ್ಲೇ ಇರಲಿ, ನಿಂತು ಕೇಳಿ.

ಅದಕ್ಕೂ ಮುಂಚೆ, ಆ 19 ವ್ಯಾಗನ್ನಿನಲ್ಲಿ ಏನಿತ್ತು ಅಂತ ಒಂದು ಸಾಲು ಬರೆದು ಕಳಿಸಿ. ಕಲ್ಲೋ, ಸಿಮೆಂಟೋ? ಖಾಲಿ ಇದ್ದರೆ ಖಾಲಿ ಅಂತಲೇ ಬರೆಯಿರಿ.

ಇಂತಿ,
ಸಂಪಾದಕ