ಸಕ್ಕರೆ ಕೆಟ್ಟ ರೂಪವಲ್ಲ, ಮೇಷ್ಟ್ರೇ

ಓದುಗರ ಪತ್ರ: ಸಂಕ್ರಾಂತಿ ಸಂಚಿಕೆಯ ಲೇಖನದಲ್ಲಿ ಉದ್ದಕ್ಕೂ ‘ಸಕ್ಕರೆ’ ಎಂದೇ ಅಚ್ಚಾಗಿದೆ. ಅದು ‘ಶರ್ಕರಾ’ ಶಬ್ದದ ಅಪಭ್ರಂಶ. ಬಾಯಿಮಾತಿಗೆ ಸರಿ, ಪತ್ರಿಕೆಯಲ್ಲಾದರೂ ಶುದ್ಧ ರೂಪ ಬಳಸಬಾರದೇ?
– ನಿವೃತ್ತ ಅಧ್ಯಾಪಕರೊಬ್ಬರು, ಮಂಡ್ಯ ಜಿಲ್ಲೆ

ಸಂಪಾದಕರ ಉತ್ತರ: ಮೂಲದ ಮಾತು ನೀವು ಹೇಳಿದ್ದೇ ಸರಿ, ಮೇಷ್ಟ್ರೇ. ಸಂಸ್ಕೃತದ ಶರ್ಕರಾ ಎಂದರೆ ಮೊದಲು ಹರಳುಕಲ್ಲು, ಗರಸು. ಕಬ್ಬಿನ ರಸ ಕಾಸಿ ಹರಳುಗಟ್ಟಿಸಿದ ಮೇಲೆ ಅದಕ್ಕೂ ಅದೇ ಹೆಸರು ಬಂತು. ತಮಿಳರೂ ಮಲಯಾಳಿಗಳೂ ಆ ‘ರ್’ ಅನ್ನು ಇವತ್ತಿಗೂ ಉಳಿಸಿಕೊಂಡಿದ್ದಾರೆ. ಇಷ್ಟಕ್ಕೆ ನನ್ನ ಒಪ್ಪಿಗೆಯಿದೆ, ‘ಅಪಭ್ರಂಶ’ ಎಂದಿರಲ್ಲ, ಅದಕ್ಕಿಲ್ಲ.

ಪಾಲಿಯಲ್ಲಿ ಅದು ಸಕ್ಖರಾ, ಪ್ರಾಕೃತದಲ್ಲಿ ಸಕ್ಕರಾ. ಜನರ ನಾಲಿಗೆ ‘ರ್’ ಅನ್ನು ಬಿಟ್ಟು ‘ಕ’ಕಾರವನ್ನೇ ಇಮ್ಮಡಿಸಿತು. ಪಶ್ಚಿಮಕ್ಕೆ ಹೊರಟ ಪದಗಳನ್ನು ಈಗ ಸಾಲಾಗಿ ನೋಡಿ: ಗ್ರೀಕಿನ ಸಾಕ್ಖರೋನ್, ಪಾರಸಿಯ ಶಕರ್, ಅರಬ್ಬಿಯ ಸುಕ್ಕರ್. ‘ಕ’ಕಾರದ ಹಿಂದಿನ ‘ರ್’ ಒಂದರಲ್ಲಾದರೂ ಇದೆಯೇ? ಮೊದಲನೇ ಶತಮಾನದಲ್ಲಿ ರೋಮಿನ ಪ್ಲಿನಿ ಈ ಪದಾರ್ಥದ ಬಗ್ಗೆ ಬರೆದಿದ್ದಾನೆ. ಜೊಂಡಿನಲ್ಲಿ ಸಿಗುವ ಜೇನು, ಗೋಂದಿನಂತೆ ಬೆಳ್ಳಗೆ, ಹಲ್ಲಿಗೆ ಸಿಕ್ಕರೆ ಪುಡಿಯಾಗುತ್ತದೆ, ಔಷಧಕ್ಕೆ ಮಾತ್ರ ಬಳಕೆ. ಅರೇಬಿಯಾದಲ್ಲೂ ಉಂಟು, ಆದರೆ ಭಾರತದ್ದೇ ಮೇಲು ಎನ್ನುತ್ತಾನೆ. ಮುಂದೆ ಅರಬ್ಬರು ಕಬ್ಬನ್ನು ಸಿಸಿಲಿಗೂ ಸ್ಪೇನಿಗೂ ಒಯ್ದರು. ಸ್ಪೇನಿನವರು ಅರಬ್ಬಿಯಲ್ಲಿ ನಾಮಪದದ ಮೊದಲಿಗೆ ಸೇರುವ ‘ಅಲ್’ ಎಂಬ ಉಪಪದವನ್ನೂ ಸೇರಿಸಿಕೊಂಡು ‘ಅಸೂಕರ್’ ಎಂದರು. ಇಟಲಿಯ ಝುಕ್ಕೆರೋ, ಫ್ರೆಂಚಿನ ಸೂಕ್ರ್, ಇಂಗ್ಲಿಷಿನ ಶುಗರ್ ಎಲ್ಲಕ್ಕೂ ಆ ಅರಬ್ಬಿ ಪದವೇ ತಾಯಿ. ನಮ್ಮ ಬೆಲ್ಲಕ್ಕೆ ಇಂಗ್ಲಿಷಿನವರು ಅನ್ನುವ ಜಾಗರಿಯೂ ಇದೇ ಬಳಗದ್ದು. ಅದು ನಮ್ಮ ದಕ್ಷಿಣದ ಕರಾವಳಿಯಿಂದ ಪೋರ್ಚುಗೀಸರ ಬಾಯಿಗೆ ಬಿದ್ದು ಹೋದದ್ದು.

ಮಾಲಿನ ಜೊತೆ ಮಾತೂ ಹೋಗುತ್ತದೆ. ಅದನ್ನು ಮೂಟೆ ಕಟ್ಟಿ, ತೂಗಿ, ಚೌಕಾಸಿ ಮಾಡಿ ಮಾರಿದವರ ಬಾಯಲ್ಲಿದ್ದ ರೂಪವೇ ಲೋಕ ಸುತ್ತಿತು. ಅಂಥ ಪದವನ್ನು ಕೆಟ್ಟದ್ದು ಎನ್ನಲು ನನಗೆ ಮನಸ್ಸು ಬಾರದು.

ನಿಮ್ಮಂಥ ಹಿರಿಯ ಅಧ್ಯಾಪಕರ ಮೇಲೆ ನನ್ನದೊಂದು ಆಕ್ಷೇಪಣೆಯಿದೆ, ಬೇಸರಿಸಬೇಡಿ. ತತ್ಸಮ–ತದ್ಭವದ ಪಟ್ಟಿಯನ್ನು ಮಕ್ಕಳಿಂದ ಉರು ಹೊಡೆಸಿದಿರಿ. ಎಡಗಡೆಯದು ಅಸಲಿ, ಬಲಗಡೆಯದು ಸವಕಲು ಎಂಬ ಕೀಳರಿಮೆ ಆಗಲೇ ಮಕ್ಕಳಲ್ಲಿ ಬೇರುಬಿಟ್ಟಿತು. ಅದೇ ಮಕ್ಕಳು ದೊಡ್ಡವರಾಗಿ ಊರಮಾತು ಆಡಲು ನಾಚುತ್ತಾರೆ. ನಿಮ್ಮ ಜಿಲ್ಲೆಯ ಆಲೆಮನೆಗೇ ಹೋಗಿ ನೋಡಿ. ಗಾಣದಿಂದ ಇಳಿಯುವುದು ರಸವಲ್ಲ, ‘ಕಬ್ಬಿನ ಹಾಲು’. ಕೊಪ್ಪರಿಗೆಯಲ್ಲಿ ಅದು ಉಕ್ಕುವಾಗ ಸುಣ್ಣ ಹಾಕಿ ಮಡ್ಡಿ ತೆಗೆಯುತ್ತಾರೆ, ಪಾಕ ನೋಡಿ ಇಳಿಸುತ್ತಾರೆ. ಅಚ್ಚುಬೆಲ್ಲ, ಉಂಡೆಬೆಲ್ಲ, ಜೋನಿಬೆಲ್ಲ ಎಲ್ಲಕ್ಕೂ ಬೇರೆ ಬೇರೆ ಹದ. ಒಲೆ ಆರಿದ ಆಲೆಮನೆಗಳ ಜೊತೆ ಈ ಮಾತುಗಳೂ ಹೋಗುತ್ತಿವೆ, ಬರೆದಿಟ್ಟುಕೊಳ್ಳುವವರು ಕಡಿಮೆ.

ನಮ್ಮ ಪತ್ರಿಕೆಯಲ್ಲಿ ಸಕ್ಕರೆ ಸಕ್ಕರೆಯಾಗಿಯೇ ಇರುತ್ತದೆ. ನಿಮ್ಮ ಊರಿನ ಆಲೆಮನೆಯವರು ಆಡುವ ಪದಗಳನ್ನು, ಅವರು ಆಡುವ ಹಾಗೆಯೇ, ದಯವಿಟ್ಟು ಬರೆದು ಕಳಿಸಿ. ಒಂದು ಪುಟ ಬಿಟ್ಟುಕೊಡುತ್ತೇನೆ.